ಹೊಕ್ಕಿದ್ದೆಲ್ಲಾ ಕೂತಂಗಲ್ಲ (ಗ್ಯಾರೇಜ್ ಕಟ್ಟೆ – 6)

ದೋಸ್ತ್ರೇ, ಹೋದ ವಾರ ದೊಡ್ಡಪ್ಪನ ಜೀಪಿನ ಫೋಟೋ ಹಾಕಿದ್ದೆ. "ಡಿಸ್ಕ್ ಹಾಕ್ಸಿದ್ರಾ? ಬೆಂಕಿ ಗುರೂ!" ಅಂತ ಹೊನ್ನಾಳಿ, ನ್ಯಾಮತಿ, ಜಗಳೂರಿಂದೆಲ್ಲಾ ಮೆಸೇಜು. ಬೆಂಕಿ ಆಮೇಲೆ. ಆ ಜೀಪು ಮೂರು ದಿನ ಮನೆ ಮುಂದೆ ಯಾಕೆ ನಿಂತಿತ್ತು, ಅದನ್ನ ಮೊದಲು ಕೇಳಿ.

ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಆಳುಗಳನ್ನ ಕರ್ಕೊಂಡು ಹೋಗೋ ಹಳೇ ಮಹೀಂದ್ರಾ ಅದು. ನಾಲ್ಕೂ ಗಾಲಿಗೆ ಡ್ರಮ್. ಮಳೆಗಾಲದಲ್ಲಿ ನೀರು ಹೊಕ್ಕರೆ ಬ್ರೇಕು ಹಿಡಿಯೋದೇ ಕಷ್ಟ. ಅದಕ್ಕೇ ಮುಂದಿನ ಎರಡಕ್ಕೆ ಡಿಸ್ಕ್. ಕ್ಯಾಲಿಪರ್, ಬ್ರಾಕೆಟ್, ಹೋಸ್ ಎಲ್ಲಾ ಸಿಕ್ತು. ಕಡೆಗೆ ಹಳೇ ಪೈಪಿನ ನಟ್ಟನ್ನ ಹೊಸ ಹೋಸಿಗೆ ತಿರುಗಿಸಿದ್ರೆ, ಹೋಯ್ತು. ಟೈಟೂ ಆಯ್ತು. "ಆಗುತ್ತೆ ಬಿಡ್ರಿ" ಅಂದ್ರು. ಪೆಡಲ್ ಒತ್ತಿ ಹಿಡಿದ್ರೆ ಮಾತ್ರ ಮೆಲ್ಲಗೆ ಕೆಳಗೆ ಇಳೀತಿತ್ತು. ಅಡಿಗೆ ಪೇಪರ್ ಹಾಸಿದ್ವಿ. ಎರಡು ಹನಿ ಬಿತ್ತು.

ಕಾರಣ ಇಷ್ಟೇ. ಹಳೇ ಜೀಪಿನ ಮೂಲ ಅಮೆರಿಕದ ವಿಲ್ಲಿಸ್, ಎಲ್ಲಾ ಇಂಚಿನ ಲೆಕ್ಕ. ಅದರ ನಟ್ಟು 3/8 ಇಂಚು, ಅಂದ್ರೆ 9.525 ಮಿ.ಮೀ., ಇಂಚಿಗೆ 24 ಎಳೆ. ಹೊಸ ಹೋಸಿನದು ಮೆಟ್ರಿಕ್: 10 ಮಿ.ಮೀ., ಎಳೆಯಿಂದ ಎಳೆಗೆ 1 ಮಿ.ಮೀ. ಅರ್ಧ ಮಿಲಿಮೀಟರಿಗಿಂತ ಕಮ್ಮಿ ವ್ಯತ್ಯಾಸ! ಸಣ್ಣದು ದೊಡ್ಡದರಲ್ಲಿ ಹೊಕ್ಕುತ್ತೆ, ಟೈಟಾದಂಗೂ ಅನ್ನಿಸುತ್ತೆ, ಆದ್ರೆ ಎಳೆ ತುದಿಯಲ್ಲಷ್ಟೇ ಹಿಡಿದಿರುತ್ತೆ. ಪೈಪಿನ ತುದಿ ಅರಳಿಸೋದ್ರಲ್ಲೂ ಎರಡು ಥರ ಇದೆ: ಒಳಗೆ ಮಡಚಿದ ಡಬಲ್ ಫ್ಲೇರ್, ಗುಳ್ಳೆಯಂಥ ಬಬಲ್ ಫ್ಲೇರ್. ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರಲ್ಲ.

ಬೈಕಿನವರೂ ನಗಬೇಡಿ. ಬ್ಯಾಂಜೋ ಬೋಲ್ಟು 10 ಮಿ.ಮೀ. ದಪ್ಪದ್ದೇ ಆದ್ರೂ 1.0 ಪಿಚ್, 1.25 ಪಿಚ್ ಎರಡೂ ಬರ್ತವೆ. ಎರಡು ಸುತ್ತು ಹೋಗಿ ಬಿಗಿಯಾದ್ರೆ ನಿಲ್ಲಿಸಿ. ಸ್ಪ್ಯಾನರ್ ಹಾಕಿ ಜಗ್ಗಿದ್ರೆ ಕ್ಯಾಲಿಪರಿನ ಎಳೆಯೇ ಹೋಗುತ್ತೆ.

ನನ್ನ ಮಾತು ಇದು: ತಪ್ಪು ಮೆಕ್ಯಾನಿಕ್ಕಿಂದು ಒಬ್ಬರದ್ದೇ ಅಲ್ಲ. ಡಿಸ್ಕಿಗೆ ಸಾವಿರಗಟ್ಟಲೆ ಕೊಡೋ ನಾವು ನಟ್ಟಿನ ಹತ್ರ ಬಂದಾಗ "ಸಂಜೆ ಒಳಗೆ ಕೊಡ್ರಿ ಅಣ್ಣಾ" ಅಂತ ಅವಸರ ಮಾಡ್ತೀವಿ. ಫೋಟೋದಲ್ಲಿ ಕಾಣೋದು ಡಿಸ್ಕು. ಗಾಡಿ ನಿಲ್ಲಿಸೋದು ಕಾಣದೇ ಇರೋ ಆ ನಟ್ಟು. ಹಿಂದೆ ಕೂತ ಎಂಟು ಜನಕ್ಕೆ ಅದರ ಹೆಸರೂ ಗೊತ್ತಿರಲ್ಲ.

ಹಂಗಾದ್ರೆ ಏನ್ ಮಾಡ್ಬೇಕು?
🔧 ಹಳೇ ನಟ್ಟು, ಹೊಸ ಹೋಸು ಎರಡನ್ನೂ ಕೈಯಲ್ಲಿ ಹಿಡ್ಕೊಂಡೇ ದಾವಣಗೆರೆ ಅಂಗಡಿಗೆ ಹೋಗಿ. "ಜೀಪಿಂದು ಕೊಡ್ರಿ" ಅಂದ್ರೆ ಸಾಲದು.
🔧 ಥ್ರೆಡ್ ಗೇಜ್ ಇಟ್ಟು ನೋಡಿ.
🔧 ಬೆರಳಲ್ಲೇ ಸಲೀಸಾಗಿ ಪೂರ್ತಿ ಹೋಗ್ಬೇಕು, ಅಲುಗಾಡಬಾರದು.
🔧 ಟೆಫ್ಲಾನ್ ಟೇಪ್ ಸುತ್ತಬೇಡಿ. ಆಯಿಲ್ ತಡೆಯೋದು ಎಳೆ ಅಲ್ಲ, ಫ್ಲೇರು. ಬ್ಯಾಂಜೋಗೆ ಎರಡೂ ಕಡೆ ಹೊಸ ತಾಮ್ರದ ವಾಷರ್.
🔧 ಗಾಳಿ ತೆಗೆದ ಮೇಲೆ ಒಂದು ನಿಮಿಷ ಪೆಡಲ್ ಒತ್ತಿ ಹಿಡಿಯಿರಿ. ಇಳಿದ್ರೆ ಗಾಡಿ ರಸ್ತೆಗೆ ಇಳಿಯೋ ಹಂಗಿಲ್ಲ.

ನಾವು ಕೊನೆಗೆ ಒಂದು ತುದಿ ಇಂಚು, ಇನ್ನೊಂದು ತುದಿ ಮೆಟ್ರಿಕ್ ಇರೋ ಹೊಸ ಪೈಪು ಮಾಡಿಸಿದ್ವಿ. ಪೆಡಲ್ ಈಗ ಕಲ್ಲು. ದೊಡ್ಡಪ್ಪ ಮಾತ್ರ ಇನ್ನೂ ದಿನಾ ಬೆಳಿಗ್ಗೆ ಬಗ್ಗಿ ಗಾಲಿ ಅಡಿ ನೋಡ್ತಾರೆ. ನಾನೂ ಕಲಿತಿದ್ದೀನಿ.

ನಿಮ್ಮ ಗಾಡಿ ಅಡಿ ಕೊನೇ ಸಲ ಯಾವಾಗ ಬಗ್ಗಿ ನೋಡಿದ್ರಿ? ಸುಳ್ಳು ಹೇಳದೆ ಕಾಮೆಂಟ್ ಮಾಡಿ 👇