ಅರಳುಮರಳೋ, ಕಿವಿ ಮಂದವೋ?

“ಸಾರು ಬೇಕೇ?” ಎಂದರೆ ತಾತ “ಆರು ಗಂಟೆ” ಎನ್ನುತ್ತಾರೆ. ಮನೆಯವರು ಅರಳುಮರಳೆಂದು ನಗುತ್ತಾರೆ. ತಪ್ಪು ಕಿವಿಯದಿರಬಹುದು.

ವಯಸ್ಸಾದಂತೆ ಒಳಗಿವಿಯ ರೋಮಕೋಶಗಳು ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ‘ಸ’, ‘ಶ’ದಂತಹ ಹೆಚ್ಚು ಆವೃತ್ತಿಯ ಧ್ವನಿಗಳು ಮೊದಲು ಮರೆಯಾಗುತ್ತವೆ. ಅರ್ಧ ಕೇಳಿದ ಮಾತನ್ನು ಊಹಿಸುವುದರಲ್ಲೇ ಮಿದುಳು ದಣಿಯುತ್ತದೆ. ಹಿರಿಯರು ಮಾತುಕತೆಯಿಂದ ದೂರ ಸರಿಯುತ್ತಾರೆ.

2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 70ರಿಂದ 84 ವರ್ಷದ 977 ಮಂದಿಯಿದ್ದರು. ಶ್ರವಣಸಾಧನದಿಂದ ಒಟ್ಟಾರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆಗುಳಿತನದ ಅಪಾಯ ಹೆಚ್ಚಿದ್ದವರಲ್ಲಿ ಮೂರು ವರ್ಷಗಳ ಬುದ್ಧಿಶಕ್ತಿಯ ಕುಸಿತ ಶೇ. 48ರಷ್ಟು ತಗ್ಗಿತು.

1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ನಗುವ ಮೊದಲು ತಾತನನ್ನು ಅಲ್ಲಿಗೆ ಪರೀಕ್ಷೆಗೆ ಕರೆದೊಯ್ಯಿರಿ. ಕನ್ನಡಕಕ್ಕಿಲ್ಲದ ನಾಚಿಕೆ ಶ್ರವಣಸಾಧನಕ್ಕೇಕೆ?