ಗೇಮ್ ಸ್ಟುಡಿಯೊ ಬಾಗಿಲಲ್ಲಿ ಅಂಕಪಟ್ಟಿಯ ಬೆಲೆ ಎಷ್ಟು?

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಏಳನೇ ಸೆಮಿಸ್ಟರ್ ಬಂತೆಂದರೆ ಮಾತೆಲ್ಲ ಕಟ್‌ಆಫ್ ಸುತ್ತಲೇ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಇರಬೇಕು, ಬ್ಯಾಕ್‌ಲಾಗ್ ಇರಬಾರದು. ಸಾವಿರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಸಾಫ್ಟ್‌ವೇರ್ ಕಂಪನಿಗಳು ರೂಢಿಸಿದ ಈ ಲೆಕ್ಕವನ್ನೇ ವಿಡಿಯೊ ಗೇಮ್ ಉದ್ಯಮಕ್ಕೂ ಹಚ್ಚಿ, ಅಂಕ ಕಡಿಮೆ ಬಂದವರು ಆಸೆ ಬಿಡುತ್ತಾರೆ. ಹೆಚ್ಚು ಬಂದವರು ಇಷ್ಟು ಸಾಕು ಎಂದುಕೊಳ್ಳುತ್ತಾರೆ. ಇಬ್ಬರ ಎಣಿಕೆಯೂ ತಪ್ಪು. ಗೇಮ್ ಸ್ಟುಡಿಯೊದವರು ಮೊದಲು ನೋಡುವುದು ಅಭ್ಯರ್ಥಿ ತಾನೇ ಮಾಡಿ ಮುಗಿಸಿದ ಆಟವನ್ನು. ಇಳಿಜಾರಿನಲ್ಲಿ ಪಾತ್ರ ಜಾರುವುದೇಕೆ, ಶತ್ರುಗಳು ಹತ್ತಕ್ಕಿಂತ ಹೆಚ್ಚಾದಾಗ ಪರದೆ ತಡವರಿಸುವುದೇಕೆ ಎಂದು ಕೇಳುತ್ತಾರೆ. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಒಂದೊಂದಕ್ಕೂ ಸಿಗುವುದು ಸುಮಾರು 16 ಮಿಲಿಸೆಕೆಂಡು. ಅಷ್ಟರೊಳಗೆ ಕೆಲಸ ಮುಗಿಸಲು ಕೋಡನ್ನು ಎಲ್ಲಿ ತಿದ್ದಿದೆ ಎಂದು ಹೇಳಬಲ್ಲವರಿಗೆ ಸಿಜಿಪಿಎ ಅಡ್ಡ ಬರುವುದು ಕಡಿಮೆ.

ಹಾಗಾದರೆ ಓದು ಬೇಡವೇ? ಖಂಡಿತ ಬೇಕು. ಆ ಜಾರುವ ಪಾತ್ರವನ್ನು ನಿಲ್ಲಿಸುವುದು ವೆಕ್ಟರ್ ಗಣಿತ. ಕ್ಯಾಮೆರಾ ತಿರುಗಿಸುವುದು ಮ್ಯಾಟ್ರಿಕ್ಸ್. ಪರೀಕ್ಷೆಗೆಂದು ಉರು ಹೊಡೆದು ಮರೆತವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ರಾಶಿ ಅರ್ಜಿ ಬಂದಾಗ ಯಾವುದಾದರೂ ಜರಡಿ ಬೇಕಲ್ಲ ಎಂಬ ವಾದದಲ್ಲೂ ಹುರುಳಿದೆ. ಹೆಸರಾಂತ ಕಂಪನಿಗಳು ಫ್ರೆಶರ್‌ಗಳ ಡಿಗ್ರಿ ನೋಡುವುದುಂಟು. ಇನ್ನೂ ಗಟ್ಟಿಯಾದ ಆಕ್ಷೇಪ ಮನೆಯದು. ಸಾಲ ಮಾಡಿ ಓದಿಸಿದ ಅಪ್ಪ-ಅವ್ವನಿಗೆ ಮಗಳ ಅಂಕವೇ ಭರವಸೆ. ಗೇಮ್ ಕೆಲಸ ಸಿಗದಿದ್ದರೆ ಬೇರೆ ಕೆಲಸಕ್ಕೆ ಅದೇ ದಾರಿ. ಈ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಅದಕ್ಕೇ ವಿದ್ಯಾರ್ಥಿಗಳು ಕಟ್‌ಆಫ್ ದಾಟುವಷ್ಟು ಅಂಕ ಕಾಪಾಡಿಕೊಳ್ಳಲಿ. ಸಿಜಿಪಿಎ 8ರಿಂದ 9ಕ್ಕೆ ಏರಲು ಸುರಿಯುವ ಸಂಜೆಗಳನ್ನು ಮಾತ್ರ ಒಂದು ಸಣ್ಣ ಆಟ ಮುಗಿಸಲು ಕೊಡಲಿ. ಆಟ ಕಟ್ಟುವ ಗೊಡೊ ಎಂಜಿನ್ ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ.

ಈ ಕೆಲಸ ದೂರದ ಕನಸೇನಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಗೇಮ್ ಸ್ಟುಡಿಯೊ ಧ್ರುವ ಇಂಟರಾಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ಪಾಲಾಯಿತು. ಜಗತ್ತಿನ ದೊಡ್ಡ ಆಟಗಳ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಅನಿಮೇಷನ್-ಗೇಮಿಂಗ್ ಕ್ಷೇತ್ರಕ್ಕೆಂದೇ ರಾಜ್ಯ ಸರ್ಕಾರ 2024ರಲ್ಲಿ ಹೊಸ ನೀತಿ ತಂದಿದೆ. ಅದರ ಫಲ ಬೆಂಗಳೂರು ದಾಟಿ ಬರಬೇಕಾದರೆ ನಮ್ಮ ಕಾಲೇಜುಗಳೂ ಬದಲಾಗಬೇಕು: ಪೂರ್ತಿಗೊಂಡ ಆಟವನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಎಂದು ಒಪ್ಪಿ ಅಂಕ ಕೊಡಲಿ, ವೈವಾ ದಿನ ಪರೀಕ್ಷಕರು ಬೈಂಡ್ ಮಾಡಿದ ರಿಪೋರ್ಟ್ ತಿರುವುವ ಮೊದಲು ಹತ್ತು ನಿಮಿಷ ಅದನ್ನು ಆಡಿ ನೋಡಲಿ.