ಕಸಿಯ ಬಳಿಕದ ನೇಮ

ಪಡೆದುದನ್ನು ಉಳಿಸಿಕೊಳ್ಳುವುದು ಪಡೆಯುವುದಕ್ಕಿಂತಲೂ ಕಠಿಣವೆಂದು ಹಿರಿಯರು ಹೇಳುವುದುಂಟು. ಅಂಗಾಂಗ ಕಸಿಯ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. ಮೂತ್ರಪಿಂಡವಾಗಲಿ, ಯಕೃತ್ತಾಗಲಿ, ಶ್ವಾಸಕೋಶವಾಗಲಿ, ಶಸ್ತ್ರಚಿಕಿತ್ಸೆಯು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಆರೈಕೆಯಾದರೋ ಬಾಳಿನುದ್ದಕ್ಕೂ ನಡೆಯಬೇಕಾದುದು.

ಇದಕ್ಕೆ ಕಾರಣವುಂಟು. ಶರೀರದ ರಕ್ಷಣಾಶಕ್ತಿಯು ಹೊಸ ಅಂಗವನ್ನು ಪರಕೀಯವೆಂದು ಬಗೆದು ಅದರ ಮೇಲೆರಗುತ್ತದೆ. ಅದನ್ನು ತಡೆಯಲು ಟ್ಯಾಕ್ರೋಲಿಮಸ್ ಮೊದಲಾದ ಔಷಧಿಗಳನ್ನು ಕೊಡುತ್ತಾರೆ. ರಕ್ತದಲ್ಲಿ ಟ್ಯಾಕ್ರೋಲಿಮಸ್‌ನ ಪ್ರಮಾಣ ಕುಗ್ಗಿದರೆ ಶರೀರವು ಅಂಗವನ್ನು ತಿರಸ್ಕರಿಸಬಹುದು. ಮಿತಿಮೀರಿದರೆ ಮೂತ್ರಪಿಂಡಕ್ಕೆ ಹಾನಿ. ನಮಗೆ ಪ್ರಿಯವಾದ ಚಕ್ಕೋತ ಹಣ್ಣು ಕೂಡ ಈ ಪ್ರಮಾಣವನ್ನು ಏರಿಸಬಲ್ಲುದಾದುದರಿಂದ ಅದು ವರ್ಜ್ಯ. ತಿರಸ್ಕಾರವು ಎಷ್ಟೋ ವೇಳೆ ನೋವಿಲ್ಲದೆಯೇ ಆರಂಭವಾಗುತ್ತದೆ. ಆದಕಾರಣ "ಈಗ ಗುಣವಾಗಿದ್ದೇನೆ, ಇನ್ನು ಮಾತ್ರೆ ಏತಕ್ಕೆ?" ಎಂಬ ಭಾವನೆಯೇ ಬಹು ಅಪಾಯಕಾರಿ.

ಈ ನಿತ್ಯದ ಎಚ್ಚರಕ್ಕೆ ಮೊಬೈಲ್ ಫೋನು ನೆರವಾಗಬಲ್ಲುದೇ? ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಶ್ವಾಸಕೋಶ ಕಸಿಯಾದ ೨೦೧ ಜನರನ್ನು ಒಂದು ವರ್ಷ ಗಮನಿಸಿ, ೨೦೧೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು ಅರ್ಧದಷ್ಟು ಮಂದಿಗೆ 'ಪಾಕೆಟ್ ಪಾತ್' ಎಂಬ ತಂತ್ರಾಂಶವುಳ್ಳ ಫೋನನ್ನು ಕೊಟ್ಟಿದ್ದರು. ಉಸಿರಾಟದ ಬಲ, ಜ್ವರ, ರಕ್ತದೊತ್ತಡ, ತೂಕಗಳನ್ನು ರೋಗಿಯೇ ಅಳೆದು ಅದರಲ್ಲಿ ದಾಖಲಿಸಬೇಕು. ಅಂಕಿಯು ಮಿತಿ ದಾಟಿದರೆ ಆಸ್ಪತ್ರೆಗೆ ತಿಳಿಸುವಂತೆ ಅದು ಎಚ್ಚರಿಸುತ್ತದೆ. ಇವರು ಉಳಿದವರಿಗಿಂತ ಹೆಚ್ಚು ನಿಷ್ಠೆಯಿಂದ ಅಳತೆ ಮಾಡಿಕೊಂಡರು, ವೈದ್ಯರ ವಿಧಿಗಳನ್ನು ಪಾಲಿಸಿದರು, ಏರುಪೇರಾದಾಗ ತಿಳಿಸಿದರು. ಆದರೂ ಆ ಮೊದಲ ವರ್ಷದಲ್ಲಿ ಮತ್ತೆ ಆಸ್ಪತ್ರೆ ಸೇರುವುದರಲ್ಲಾಗಲಿ ಮರಣದಲ್ಲಾಗಲಿ ಎರಡೂ ಗುಂಪುಗಳಿಗೆ ವ್ಯತ್ಯಾಸ ಕಾಣಲಿಲ್ಲ. ಯಂತ್ರವು ಅಭ್ಯಾಸವನ್ನು ತಿದ್ದಬಲ್ಲುದು. ಅದೊಂದೇ ಆಯುಸ್ಸನ್ನು ಕಾಯುತ್ತದೆಂದು ನಂಬಿ ಕೂರಲಾಗದು ಎಂಬುದೇ ಇದರ ಪಾಠ.

ಆದ್ದರಿಂದ ಕಲಿಕೆ ಮುಖ್ಯ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನವೇ ರೋಗಿಯೊಡನೆ ಮನೆಯವರೊಬ್ಬರು ಕುಳಿತು ಎಲ್ಲವನ್ನೂ ಅರಿಯಬೇಕು. ಎಷ್ಟು ಜ್ವರ ಬಂದರೆ, ತೂಕ ಎಷ್ಟು ಏರಿದರೆ, ಯಾರಿಗೆ ಕರೆ ಮಾಡಬೇಕೆಂಬುದನ್ನು ಬರೆಸಿಕೊಳ್ಳಬೇಕು. ಮಾತ್ರೆಯ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಡಬೇಕು. ಟ್ಯಾಕ್ರೋಲಿಮಸ್ ಪ್ರಮಾಣದ ಪರೀಕ್ಷೆಯ ದಿನ, ರಕ್ತ ಕೊಟ್ಟ ತರುವಾಯವೇ ಬೆಳಗಿನ ಮಾತ್ರೆ ನುಂಗಬೇಕು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಪಟ್ಟು ತೆಗೆದುಕೊಳ್ಳದೆ ವೈದ್ಯರನ್ನು ಕೇಳಬೇಕು. ನೋವಿನ ಮಾತ್ರೆ, ನಾಟಿ ಕಷಾಯಗಳನ್ನೂ ಕೇಳದೆ ಸೇವಿಸಬಾರದು.

ಫೋನು ಬಳಸಲರಿಯದ ಹಿರಿಯರಿಗೆ ಮೊಮ್ಮಕ್ಕಳು ತಾಳ್ಮೆಯಿಂದ ಕಲಿಸಲಿ. ಅದು ಒಲ್ಲದವರಿಗೆ ಗೆರೆ ಹಾಕಿದ ಪುಸ್ತಕವೂ ಸಾಕು. ಕಸಿಯಾದ ಅಂಗವು ಯಾವ ತಾಯಿಯದೋ, ಯಾವ ಸೋದರನದೋ, ಅಗಲಿಹೋದ ಯಾವ ಅಪರಿಚಿತರದೋ ಆಗಿರುತ್ತದೆ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ಅಂದಂದಿನ ಅಳತೆಯನ್ನು ಅಂದಂದೇ ಬರೆದಿಡುವುದು ಆ ದಾನಿಗೆ ನಾವು ಸಲ್ಲಿಸುವ ಕೃತಜ್ಞತೆ.